ತಪ್ಪಿಗೂ ಸಹಿ ಹಾಕಿದ ಇನ್‌ಸ್ಪೆಕ್ಟರು

ವಾಹನ ತಪಾಸಣೆಯನ್ನು ಕಲೆಯೆಂದು ಯಾರೂ ಕರೆಯುವುದಿಲ್ಲ, ನಾನೂ ಕರೆಯಲಾರೆ. ಅದು ನೋಡುವ ಕೆಲಸ. ಮೂವತ್ತೆರಡು ವರ್ಷಗಳ ಸೇವೆಯ ಹೆಚ್ಚಿನ ಪಾಲನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಸವೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಮೋಟಾರು ವಾಹನ ನಿರೀಕ್ಷಕ ಶ್ರೀ ಗುರುಮಲ್ಲಪ್ಪನವರಷ್ಟು ಚೆನ್ನಾಗಿ ನೋಡಬಲ್ಲವರನ್ನು ನಾನು ಕಂಡಿಲ್ಲ.

ಉಡುತಡಿಯ ರೈತ ಮನೆತನದಲ್ಲಿ ಹುಟ್ಟಿ, ಡಿಪ್ಲೊಮಾ ಮುಗಿಸಿ, 1967ರಲ್ಲಿ ಇಲಾಖೆ ಸೇರಿದ ಅವರು ಜನರ ಬಾಯಲ್ಲಿ ಕೊನೆಯವರೆಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಆಗಿಯೇ ಉಳಿದರು. ಗೋಣಿಚೀಲ ಹಾಸಿ ಲಾರಿಯಡಿ ಮಲಗಿ ನೋಡದೆ ಯಾವ ಗಾಡಿಗೂ ಎಫ್.ಸಿ., ಅಂದರೆ ಓಡಲು ಯೋಗ್ಯವೆಂಬ ಪತ್ರ, ಕೊಟ್ಟವರಲ್ಲ. ತೊಂಬತ್ತರ ದಶಕದಲ್ಲಿ ಹೊಗೆ ಅಳೆಯುವ ಯಂತ್ರ ಬಂದಾಗ, ಅವರ ವಾರಿಗೆಯವರು ಗೊಣಗುತ್ತಿದ್ದರೆ, ಇವರು ಎರಡು ಭಾನುವಾರ ಕೂತು ಅದನ್ನು ಬಿಚ್ಚಿ ಜೋಡಿಸಿ ಕಲಿತರು.

1996ರ ಡಿಸೆಂಬರಿನಲ್ಲಿ ಸೊರಬದ ಪ್ರವಾಸಿ ಮಂದಿರದ ಅಂಗಳದಲ್ಲಿ ನಡೆದ ವಾಹನ ತಪಾಸಣೆ ಕ್ಯಾಂಪಿನ ಗುಮಾಸ್ತ ನಾನು. ಪ್ರತಿ ಗಾಡಿಗೂ ಮುನ್ನ ಯಂತ್ರವನ್ನು ಬರೀ ಗಾಳಿಯಲ್ಲಿಟ್ಟು, ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ಸೊನ್ನೆ ಸೊನ್ನೆಯೇ ತಾನೆ ಎಂದುಕೊಂಡು ಬೆಳಿಗ್ಗೆಯೇ ಆ ಕಾಲಮ್ಮನ್ನು ಪುಟದ ತುದಿಯವರೆಗೂ ತುಂಬಿಸಿಟ್ಟು, ಒಂದು ರಷ್ಯನ್ ಕಾದಂಬರಿಯ ಅನುವಾದ ಓದುತ್ತಿದ್ದೆ.

ಊಟದ ನಂತರ ಜಡೆ ಗ್ರಾಮದ ಹೂವಮ್ಮನವರ ಡೀಸೆಲ್ ಪಿಕಪ್ ಬಂತು. ಹನ್ನೆರಡು ವರ್ಷ ಹಳೆಯದು. ಅವರ ತಮ್ಮ ರವಿ ಓಡಿಸುತ್ತಿದ್ದ. ಏಳು ಮನೆಗಳ ತರಕಾರಿ ಸಂತೆಗೆ ಹೋಗುತ್ತಿದ್ದುದು ಅದರಲ್ಲೇ. ಎಫ್.ಸಿ. ಅಂದೇ ಮುಗಿಯುತ್ತಿತ್ತು, ಮುಂದಿನ ಕ್ಯಾಂಪು ಇನ್ನೊಂದು ತಿಂಗಳಿಗೆ. ಹೊಗೆಯ ಮಿತಿ ಅರವತ್ತೈದು; ಯಂತ್ರ ಎಪ್ಪತ್ತೊಂಬತ್ತು ತೋರಿಸಿತು. ಫೇಲು.

ಹೂವಮ್ಮ ಕದಲಲಿಲ್ಲ. “ಬೆಳಿಗ್ಗೆ ಬಂದೋವೆಲ್ಲ ಪಾಸು, ಉಂಡ್ಮೇಲೆ ಬಂದ ಐದೂ ಫೇಲು. ಅದ್ರಾಗೆ ಒಂದು ಹೋದ ವರ್ಷದ ಹೊಸಾ ಗಾಡಿ! ದಿನಾ ಹೊಗೆ ಕುಡಿಯೋದು ನಿಮ್ಮ ಮಿಷನ್ನು ಸಾಹೇಬ್ರೇ. ಅದ್ರ ಬಾಯಿ ಯಾರಾದ್ರೂ ತೊಳ್ದೀರಾ?”

ಸಾಲಿನಲ್ಲಿದ್ದವರು ನಕ್ಕರು. ಗುರುಮಲ್ಲಪ್ಪನವರು ನಗಲಿಲ್ಲ. ಕೊಳವೆ ತೆಗೆಸಿ ಬರೀ ಗಾಳಿಯಲ್ಲಿ ಮುಳ್ಳು ನೋಡಿದರು: ಇಪ್ಪತ್ತೆರಡು. ಒಳಗಿನ ಗಾಜಿನ ಮೇಲೆ ಮಸಿ ಕೂತಿತ್ತು. ರಿಜಿಸ್ಟರು ತಿರುಗಿಸಿದರು. ಇನ್ನೂ ಬಾರದ ಗಾಡಿಗಳ ಎದುರೂ ನನ್ನ ದುಂಡನೆಯ ಸೊನ್ನೆಗಳಿದ್ದವು. ನಾನಿನ್ನೂ ಖಾಯಂ ಆಗಿರಲಿಲ್ಲ. ಅವರ ಒಂದು ಮಾತು ನನ್ನನ್ನು ಮನೆಗೆ ಕಳಿಸುತ್ತಿತ್ತು.

ಅವರು ರಿಜಿಸ್ಟರು ಮುಚ್ಚಿ ಜನರತ್ತ ತಿರುಗಿದರು. “ತಪ್ಪು ನಂದೈತ್ರಿ. ಐದೂ ಗಾಡಿ ಮತ್ತ ನೋಡ್ತೀನಿ.” ಆಗಲೇ ಹೊರಟುಹೋಗಿದ್ದ ಎರಡನ್ನು ಕರೆತರಲು ಜೀಪು ಓಡಿತು.

ಗಾಜು ಒರೆಸಿ ಮತ್ತೆ ಅಳೆದಾಗ ಪಿಕಪ್ಪಿನದು ಎಪ್ಪತ್ತಮೂರು; ಹೊಗೆ ದಟ್ಟವಾದಷ್ಟೂ ಗಾಜಿನ ಮಸಿಯ ಪಾಲು ಕಡಿಮೆ. ರವಿ ಹಲ್ಲು ಕಿರಿದ: “ನಿಮ್ದೂ ತಪ್ಪಿತ್ತಲ್ಲ ಸಾರ್, ನಮ್ದೂ ಪಾಸ್ ಮಾಡ್ಬಿಡಿ. ಅಲ್ಲಿಗಲ್ಲಿಗೆ ಸರಿಹೋತು.”

“ನನ್ನ ತಪ್ಪಿಗೆ ನಿನ್ನ ಹೊಗಿ ಕಡಿಮಿ ಆಗಂಗಿಲ್ಲೋ ತಮ್ಮ. ಬಾನೆಟ್ ಎತ್ತು.”

ಏರ್ ಫಿಲ್ಟರಿನ ಬಾಯಿಗೆ ಹಳೆ ಸೀರೆಯ ತುಂಡು ಬಿಗಿದಿತ್ತು. ರಸ್ತೆಯ ತುಂಬ ಭತ್ತದ ಹುಲ್ಲು ಹರವಿ ಗಾಡಿ ಹಾಯಿಸುವ ಕಾಲವದು.

“ಹೊಟ್ಟು ಒಳಗೆ ಹೋಗ್ಬಾರ್ದು ಅಂತ ನಾನೇ ಕಟ್ಟಿದ್ದು,” ಎಂದರು ಹೂವಮ್ಮ, ದನಿ ಇಳಿಸಿ.

“ಹೊಟ್ಟೂ ಹೋಗಿಲ್ಲ ತಾಯಿ, ಗಾಳೀನೂ ಹೋಗಿಲ್ಲ. ಮೂಗು ಕಟ್ಟಿ ಓಡು ಅಂದ್ರ ಅದೇನು ಮಾಡೀತು?”

ಆ ಸೀರೆಯ ತುಂಡು ಬಿಚ್ಚಿಸಿ, ಅಲ್ಲೇ ಫಿಲ್ಟರು ತೊಳೆಸಿದರು. ಮೂರನೆಯ ಸಲ ಮುಳ್ಳು ಐವತ್ತೆಂಟಕ್ಕೆ ನಿಂತಿತು. ಎಫ್.ಸಿ. ಕೈಗೆ ಬಂದಾಗ ಹೂವಮ್ಮ ಅದನ್ನು ಓದಲಿಲ್ಲ, ರವಿಗೂ ಕೊಡಲಿಲ್ಲ. ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡು ಗಾಡಿ ಹತ್ತಿದರು.

ಸಂಜೆ ಗುರುಮಲ್ಲಪ್ಪನವರು ರಿಜಿಸ್ಟರಿನ ಆ ಪುಟದ ಕೆಳಗೆ ‘ಸೊನ್ನೆ ಪರೀಕ್ಷಿಸದಿದ್ದುದು ನನ್ನ ಲೋಪ’ ಎಂದು ಬರೆದು ಸಹಿ ಹಾಕಿದರು. ಮೇಲಿನಿಂದ ವಿವರಣೆ ಕೇಳಿ ಪತ್ರ ಬಂತು. ಅದರ ಉತ್ತರದಲ್ಲೂ ನನ್ನ ಹೆಸರಿರಲಿಲ್ಲ. ನನಗೆ ಹೇಳಿದ್ದು ಇಷ್ಟೇ: “ಕಾದಂಬರಿ ಓದ್ರಿ, ಬ್ಯಾಡ ಅನ್ನಲ್ಲ. ಆದ್ರ ಸೊನ್ನಿ ನೋಡಿ ಬರೀರಿ.”

ದೊಡ್ಡ ಪುಸ್ತಕಗಳಲ್ಲಿ ಅಪರಾಧವನ್ನು ಒಪ್ಪಿಕೊಳ್ಳುವವರನ್ನು ನಾನು ಬಹಳ ಓದಿದ್ದೇನೆ. ಇನ್ನೊಬ್ಬರ ತಪ್ಪನ್ನು ಊಟದ ಡಬ್ಬಿಯಷ್ಟು ಸಹಜವಾಗಿ ಎತ್ತಿಕೊಂಡು ನಡೆದವರನ್ನು ಕಂಡದ್ದು ಸೊರಬದಲ್ಲಿ ಮಾತ್ರ.

ನಿವೃತ್ತಿಯ ನಂತರ ಅವರು ಶಿಕಾರಿಪುರದಲ್ಲಿ ಚಾಲಕರಿಗೆ ಎಂಜಿನ್ ಪಾಠ ಹೇಳಲಿದ್ದಾರೆ. ಅವರಿಗೆ ನೂರು ವರ್ಷದ ಆಯುಷ್ಯ, ಕೊನೆಯ ದಿನದವರೆಗೂ ಕೈಗೆ ಗ್ರೀಸು ಹತ್ತುವ ಕೆಲಸ ಇರಲಿ. ನಮಗಾಗಿಯೂ ಒಂದು ಕೋರಿಕೆಯಿದೆ: ಆಗೀಗ ಹೇಳದೆ ಕೇಳದೆ ನಮ್ಮ ಕ್ಯಾಂಪಿಗೆ ಬಂದು, ರಿಜಿಸ್ಟರು ತೋರಿಸಿರೆಂದು ಕೇಳುತ್ತಿರಲಿ.