ಗುಂಡು ತಾಗದ ದೊಡ್ಡವ್ವ

“ಡಿಗ್ರಿ ಅನ್ನೂದು ನಮ್ಮ ಮನ್ಯಾಗ ಆಗೂದಲ್ಲ ಬಿಡ” ಎಂದವಳು ನಮ್ಮ ದೊಡ್ಡವ್ವ ನೀಲವ್ವ. ನಾನು ಬಿಸಿಎ ಸೇರಿದ ದಿನ ಅಂದಳು, ಆಮೇಲೆ ಮೂರು ವರ್ಷ ದಿನಾ ಮುಂಜಾನೆ ಅಂದಳು. ಅನ್ನುವಾಗ ಕೈಯಲ್ಲಿ ಕರಡಿಗೆ ಇರುತ್ತಿತ್ತು. ಕೊರಳಿನ ಲಿಂಗವಿಡುವ ಆ ಬೆಳ್ಳಿ ಡಬ್ಬಿಯನ್ನು ವಿಭೂತಿ ಹಚ್ಚಿ ಎಷ್ಟು ತಿಕ್ಕುತ್ತಿದ್ದಳೆಂದರೆ, ನಾನು ಅದರಲ್ಲಿ ನೋಡಿಕೊಂಡು ಬೈತಲೆ ತೆಗೆದದ್ದುಂಟು.

ಆಕೆಯ ಮಾತಿಗೆ ಆಧಾರವೂ ಇತ್ತು. “ನಿಮ್ಮಪ್ಪ ಕಾಲೇಜಿನ ಬಸ್ ಹತ್ತಿದ, ನಿಮ್ಮ ಕಾಕಾ ಹತ್ತಿದ. ಇಬ್ರೂ ನಡುವ ಹತ್ತಿ ಜಿನ್ನಿಂಗ್ ಮಿಲ್ ಮುಂದ ಕೂಲಿಗೆ ಇಳದ್ರು.” ತಿರ್ಲಾಪುರದ ನಮ್ಮ ಮನೆಯಲ್ಲಿ ಪಿಯುಸಿ ದಾಟಿದವರು ಯಾರೂ ಇರಲಿಲ್ಲ. ಹಾಗಂತ ದೊಡ್ಡವ್ವ ನನ್ನನ್ನು ತಡೆದವಳಲ್ಲ. ಬಸ್ಸಿಗೆ ಓಡುವ ನನಗೆ ರೊಟ್ಟಿ ಕಟ್ಟಿಕೊಡುತ್ತಿದ್ದವಳು ಆಕೆಯೇ. ಕಟ್ಟುತ್ತಲೇ ಅನ್ನುತ್ತಿದ್ದಳು.

ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟ್ ಮಾಡಬೇಕಿತ್ತು. ಅದು ನಡೆಯದಿದ್ದರೆ ಡಿಗ್ರಿಯೂ ಇಲ್ಲ. ಮನೆಯೊಳಗೆ ಇಬ್ಬರು ಆಡುವ ಲೇಸರ್ ಟ್ಯಾಗ್ ಎಂಬ ಆಟ ಮಾಡಿದೆ. ಎರಡು ಆಟಿಕೆ ಬಂದೂಕು; ಟ್ರಿಗರ್ ಒತ್ತಿದರೆ ಟಿವಿ ರಿಮೋಟಿನಂತೆ ಕಣ್ಣಿಗೆ ಕಾಣದ ಬೆಳಕು ಹೋಗುತ್ತದೆ. ಎದುರಿನವರ ಎದೆ ಮೇಲಿನ ಸೆನ್ಸರಿಗೆ ಅದು ತಾಗಿದರೆ ಲ್ಯಾಪ್‌ಟಾಪಿನಲ್ಲಿ ಅವರ ಹೆಸರಿನ ಮುಂದೆ ‘ಔಟ್’.

ಪರೀಕ್ಷೆಯ ಹಿಂದಿನ ದಿನ ಆಡಿ ನೋಡಲು ಮನೆಯಲ್ಲಿ ಸಿಕ್ಕವಳು ದೊಡ್ಡವ್ವ ಒಬ್ಬಳೇ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದೆಗೆ ಸೆನ್ಸರ್ ಕಟ್ಟಲು ಹೋದರೆ, ಲಿಂಗದ ಬಾಜು ನಿನ್ನ ಸಾಮಾನು ಬೇಡ ಎಂದು ರಟ್ಟೆ ಚಾಚಿದಳು. ರಟ್ಟೆಗೇ ಕಟ್ಟಿದೆ. ಬಂದೂಕನ್ನು ಮೊರದ ಪಕ್ಕ ಇಡಿಸಿಕೊಂಡು ಮತ್ತೆ ಜೋಳಕ್ಕೆ ಕೈ ಹಾಕಿದಳು.

ನಾನು ಎದೆಗೆ ಸೆನ್ಸರ್ ಕಟ್ಟಿಕೊಂಡು, ಆಕೆಯ ಅಲುಗುವ ರಟ್ಟೆಗೆ ಗುರಿಯಿಟ್ಟು ಹೊಡೆದೆ. ಲ್ಯಾಪ್‌ಟಾಪ್ ಕೂಗಿತು: ಗಿರಿಜಾ ಔಟ್. ಗಿರಿಜಾ ಅಂದರೆ ನಾನು. ಮತ್ತೆ ಹೊಡೆದೆ, ಮತ್ತೆ ನಾನೇ ಔಟ್. ಐದನೇ ಸಲ ಸತ್ತ ಮೇಲೆ ದೊಡ್ಡವ್ವ ತಲೆಯೆತ್ತಿದಳು.

“ನಾ ಇನ್ನೂ ಬಂದೂಕ ಮುಟ್ಟೇ ಇಲ್ಲಲ್ಲ ಬೇ.”

ತಪ್ಪು ಕರಡಿಗೆಯದು. ರಟ್ಟೆ ತಪ್ಪಿದ ನನ್ನ ಬೆಳಕು ಅದರ ಹೊಳಪಿಗೆ ಬಡಿದು ತಿರುಗಿ ನನ್ನ ಎದೆಗೇ ಬರುತ್ತಿತ್ತು. ಅದನ್ನು ಸೆರಗಿನೊಳಗೆ ಹಾಕಿಕೋ ಎಂದು ಕೇಳಿಕೊಂಡೆ. ದೊಡ್ಡವ್ವ ಮೊರ ಕೆಳಗಿಟ್ಟಳು.

“ನಾಳೆ ಪರೀಕ್ಷಾ ಮಾಡಾಂವ ಕಣ್ಣಿಗೆ ಚಾಳೀಸ ಹಾಕ್ಕೊಂಡ ಬರ್ತಾನ. ತಗದಿಡ್ರಿ ಅಂತಿ ಏನ? ನಿನ್ನ ಗುಂಡು ನಿನಗ ತಾಗಿದ್ರ ನೀ ಯಾಕ ಸಾಯಬೇಕ? ಅದಕ್ಕ ನಿನ್ನ ಗುರ್ತ ಹೇಳಿ ಕಳಸ.”

ಪ್ರತಿ ಬಂದೂಕಿನ ಬೆಳಕಿಗೂ ನಾನು ಬೇರೆ ಬೇರೆ ನಂಬರ್ ಕೊಟ್ಟಿದ್ದೆ. ತಾಗಿದ್ದು ಯಾರ ನಂಬರ್ ಎಂದು ನೋಡು ಅಂತ ಕಂಪ್ಯೂಟರಿಗೆ ಹೇಳುವುದನ್ನೇ ಮರೆತಿದ್ದೆ. ತನ್ನ ನಂಬರ್ ತನಗೇ ಬಂದರೆ ಲೆಕ್ಕಕ್ಕಿಲ್ಲ ಎಂದು ಒಂದು ಸಾಲು ಬರೆದೆ, ಅಷ್ಟೇ. ಅಂದು ಸಂಜೆಯೊಳಗೆ ದೊಡ್ಡವ್ವ ನನ್ನನ್ನು ನ್ಯಾಯವಾಗಿ ಹದಿನಾಲ್ಕು ಸಲ ಕೊಂದಳು. ಜೋಳ ಹಾಗೇ ಉಳಿಯಿತು.

ಪರೀಕ್ಷಕರು ಕನ್ನಡಕ ಹಾಕಿಕೊಂಡೇ ಬಂದರು. ಬಂದೂಕು ಹಿಡಿದು, ನನ್ನನ್ನು ಬಿಟ್ಟು, ಬೇಕೆಂತಲೇ ಸ್ಟೀಲ್ ಕಪಾಟಿಗೆ ಹೊಡೆದರು. ಯಾರೂ ಸಾಯಲಿಲ್ಲ. ಇದನ್ನು ಯೋಚಿಸಿದವರು ಯಾರು ಎಂದು ಕೇಳಿದರು. ದೊಡ್ಡವ್ವ ಅಂದೆ. ಎಲ್ಲಿ ಕಲಿಸುತ್ತಾರೆ ಎಂದರು. ಮನೆಯಲ್ಲಿ ಸರ್, ಅಂದೆ.

ಈಗ ದೊಡ್ಡವ್ವ ಇಲ್ಲ. ಕರಡಿಗೆ ನನ್ನ ಕೊರಳಲ್ಲಿದೆ. ಆಕೆಯಷ್ಟು ತಿಕ್ಕುವುದು ನನ್ನಿಂದ ಆಗಿಲ್ಲ, ಅದರಲ್ಲಿ ಬೈತಲೆ ಕಾಣುವುದಿಲ್ಲ.

ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ಅದನ್ನು ಮೊದಲು ಆಕೆಯ ಕೈಗೇ ಕೊಟ್ಟಿದ್ದೆ. ಓದಲು ಬಾರದು; ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೂರು ವರ್ಷದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೇನೋ ಎಂದು ಕಾದೆ. ದೊಡ್ಡವ್ವ ಎದ್ದು ನಿಂತು, ಸರ್ಟಿಫಿಕೇಟನ್ನು ಕರಡಿಗೆಯ ಮೇಲೆ ಎದೆಗೆ ಅಡ್ಡ ಹಿಡಿದಳು.

“ಅಂತೂ ನಡುವ ಇಳೀಲಿಲ್ಲ ನೀ. ಹಿಡಿ ಬಂದೂಕ. ಈಗ ಹೊಡಿ ನೋಡೂಣು.”