ಮಾವನ ಬಾಯಿಗೆ ಕೈ ಹಾಕಿದ್ದು

ಡಾಕ್ಟರು ಅರಿವಳಿಕೆ ಕೊಟ್ಟು ರೋಗಿಯನ್ನು ಮಲಗಿಸಿದ ಮೇಲೆ ತಲೆಯ ಹತ್ತಿರ ನಿಂತು, ಗದ್ದ ಎತ್ತಿ ಹಿಡಿದು, ಉಸಿರು ಕಾಯುವುದು ನನ್ನ ಕೆಲಸ. ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ಇದನ್ನು ದಿನವೂ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ಇದಕ್ಕೆ ದಾರಿಯಾದ ಒಂದು ಬೆಳಗನ್ನು ಬರೆದಿಡಬೇಕು. ನೆನಪು ಅದನ್ನು ನನಗೆ ಅನುಕೂಲವಾಗುವಂತೆ ತಿದ್ದಿರಬಹುದು ಎಂಬ ಅನುಮಾನವೂ ಇದೆ.

ಆಗ ನಾನು ತೇನಿಯ ಚಿಕ್ಕ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಮಧುರೈಯಲ್ಲಿ ಅರಿವಳಿಕೆ ನರ್ಸಿಂಗಿನ ತರಬೇತಿಗೆ ಸೀಟು ಸಿಕ್ಕಿತ್ತು. ಗಂಡ ಒಪ್ಪಿದ್ದರು. ಆದರೆ ಕೊಂಬೈ ಊರಿನ ನಮ್ಮ ಮನೆಯಲ್ಲಿ ಮಾವ ಹೂಂ ಅನ್ನದೆ ಏನೂ ಆಗುವುದಿಲ್ಲ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಾನೇ ಕೇಳುವಂತಿರಲಿಲ್ಲ. ನಮ್ಮಲ್ಲಿ ಸೊಸೆ ಮಾವನೊಂದಿಗೆ ನೇರವಾಗಿ ಮಾತಾಡುವುದಿಲ್ಲ, ಅವರು ಉಣ್ಣುವಾಗ ಎದುರು ನಿಲ್ಲುವುದಿಲ್ಲ. ಹೀಗಾಗಿ ಅವರ ಮುಂದಿನ ಹಲ್ಲುಗಳು ಕಟ್ಟಿಸಿದವು, ಮಲಗುವ ಮುಂಚೆ ತೆಗೆದು ಲೋಟದ ನೀರಿನಲ್ಲಿಡುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೂ ನನಗೆ ಮಾತ್ರ ಗೊತ್ತಿಲ್ಲವೆಂದೇ ಲೆಕ್ಕ.

ಅಷ್ಟರಲ್ಲಿ ಅವರ ಪಿತ್ತಕೋಶದ ಕಲ್ಲಿಗೆ ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ನಿಗದಿಯಾಯಿತು. ಅಂದು ತಲೆಯ ಕಡೆ ನಿಲ್ಲಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಹಲ್ಲೆಲ್ಲ ನಿಮ್ಮವೇ ತಾನೆ ಎಂದು ಅರಿವಳಿಕೆ ಡಾಕ್ಟರು ಟೇಬಲ್ಲಿನ ಮೇಲೆ ಮಲಗಿದ್ದ ಮಾವನನ್ನು ತಮಿಳಿನಲ್ಲಿ ಕೇಳಿದರು.

"ಎಲ್ಲಾ ಸೊಂದ ಪಲ್ಲುದಾನ್," ಎಲ್ಲ ಸ್ವಂತದ್ದೇ, ಎಂದರು ಮಾವ, ತುಟಿ ಹೆಚ್ಚು ತೆರೆಯದೆ. ಕಣ್ಣು ಒಮ್ಮೆ ನನ್ನ ಕಡೆ ಹೊರಳಿತು. ನಾನಲ್ಲಿ ಇರದಿದ್ದರೆ ನಿಜ ಹೇಳುತ್ತಿದ್ದರು.

ಪ್ರಜ್ಞೆ ತಪ್ಪಿದ ಮೇಲೆ ಆ ಕಟ್ಟಿಸಿದ ಹಲ್ಲಿನ ಸೆಟ್ಟು ಜಾರಿದರೆ ಉಸಿರಿನ ದಾರಿಗೇ ಅಡ್ಡ. ಡಾಕ್ಟರು ಮತ್ತೊಮ್ಮೆ ಬಾಯಿ ನೋಡುತ್ತಿದ್ದರೇನೋ. ಅವರ ಕಿವಿಯಲ್ಲಿ ನಾನು ಹೇಳಲೂಬಹುದಿತ್ತು. ಯಾಕೆ ಹೇಳಲಿಲ್ಲ? ಧೈರ್ಯ ಎಂದು ಈಗ ಹೇಳಿಕೊಳ್ಳುವುದು ಸುಲಭ. ಪರರ ಮುಂದೆ ಮಾವ ಸುಳ್ಳುಗಾರ ಆಗಬಾರದು ಎಂದೂ ಇದ್ದೀತು. ಬಾಗಿ, ಡಾಕ್ಟರಿಗೆ ತಿಳಿಯದ ನಮ್ಮ ಮನೆಮಾತು ಕನ್ನಡದಲ್ಲಿ ಹೇಳಿದೆ:

"ಮಾಮಾ, ಹಲ್ ಸೆಟ್ಟು ತೆಗೀರಿ."

"ಯಾವ ಸೆಟ್ಟು?"

"ಮುಂದಿಂದು. ಒಳಕ್ ಜಾರಿದ್ರೆ ಮೂಚು, ಉಸ್ರು ನಿಂತೋಗ್ತದೆ."

"ನಿಂಗ್ ಯಾರ್ ಹೇಳಿದ್ದು? ನಿಮ್ಮತ್ತೆಯಾ?"

"ಯಾರೂ ಹೇಳ್ಲಿಲ್ಲ. ಇಲ್ಲಿ ನಾ ಸೊಸೆ ಅಲ್ಲ ಮಾಮಾ, ನರ್ಸು. ಬಾಯಿ ತೆಗೀರಿ."

"ಶರಿ ನರ್ಸಮ್ಮಾ, ಆ ಕಡೆ ತಿರುಗು."

"ತಿರುಗಿದ್ರೆ ನಿಮ್ಮನ್ನ ಯಾರ್ ನೋಡ್ಕತಾರೆ?"

ಮಾವ ಮೇಲಿನ ದೀಪವನ್ನೇ ನೋಡುತ್ತಾ ಬಾಯಿ ತೆರೆದರು. ಎರಡು ಬೆರಳು ಹಾಕಿ ಸೆಟ್ಟು ತೆಗೆದೆ. ಅದರ ತಂತಿ ಸಡಿಲವಾಗಿತ್ತು. ಬೆರಳು ತಾಗಿದ್ದೇ ಕಳಚಿ ಬಂತು. ಡಾಕ್ಟರು ನೋಡಿ ತಲೆಯಾಡಿಸಿದರು, ಮದ್ದು ಕೊಟ್ಟರು. ನಾನು ಗದ್ದ ಎತ್ತಿ ಹಿಡಿದೆ. ಅವರ ಉಸಿರು ಆಪರೇಷನ್ ಮುಗಿಯುವವರೆಗೂ ಸಲೀಸಾಗಿ ಆಡಿತು. ಎಚ್ಚರ ಪೂರ್ತಿ ಬಂದ ಮೇಲೆ, ಮನೆಯವರನ್ನು ಒಳಗೆ ಕರೆಯುವ ಮುಂಚೆ, ಸೆಟ್ಟನ್ನು ತೊಳೆದು ಅವರ ಅಂಗೈಯಲ್ಲಿಟ್ಟೆ.

ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ನನ್ನ ಗಂಡ ಮಧುರೈಯ ಮಾತು ತೆಗೆದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ನನ್ನ ಯಾಕ್ಲಾ ಕೇಳ್ತಿ?" ಎಂದರು ಮಾವ. "ಮಾಮನ್ ಬಾಯ್ಗೇ ಕೈ ಹಾಕ್ದೋಳು ಮದುರೆಗ್ ಹೋಗಕ್ಕೆ ಭಯಪಡ್ತಾಳಾ?"

"ಬಾಯ್ಗೆ ಕೈಯಾ? ಅದೇನ್ ಸಂಗತಿ?" ಅತ್ತೆ ತಿರುಗಿ ಕೇಳಿದರು.

"ಆಸ್ಪತ್ರಿ ಸಂಗತಿ, ನಿಂಗ್ಯಾಕೆ," ಎಂದು ಮಾವ ಕೆಮ್ಮಿದರು. "ಹೋಗ್ಲಿ. ಕಲಿತ್ ಬರ್ಲಿ."

ಆಗ ಅವರ ಮುಖದಲ್ಲಿ ನಗೆಯಿತ್ತು ಎನ್ನುತ್ತಾರೆ ನನ್ನ ಗಂಡ. ನನಗೆ ನೆನಪಿರುವುದು ಗಂಟಿಕ್ಕಿದ ಹುಬ್ಬು. ಯಾವುದು ನಿಜವೋ, ಆ ವಾರವೇ ನಾನು ಮಧುರೈ ಬಸ್ಸು ಹತ್ತಿದೆ.