ತವರಿಗೆ ಸೈಕಲ್ ಮೇಲೆ ಹೋದದ್ದು

ನನ್ನ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನಿಗೆ ಕವರ್ ಇಲ್ಲ. ಟೈರು ಹೆಬ್ಬೆರಳಿನಷ್ಟು ದಪ್ಪ. ಸಿಂಧನೂರಿನಲ್ಲಿ ಅದನ್ನು ನೋಡಿದವರೆಲ್ಲ ಮೊದಲು ಕೇಳುವುದು, ಅರ್ಧ ಸೈಕಲ್ ಯಾಕೆ ತಂದಿರಿ, ಉಳಿದರ್ಧ ಎಲ್ಲಿ ಎಂದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ವಯಸ್ಸು ನಲವತ್ತು ದಾಟಿದೆ, ಮನೆಯಲ್ಲಿ ಕಾರಿದೆ, ಸ್ಕೂಟಿ ಇದೆ. ಇಷ್ಟೆಲ್ಲ ಇದ್ದೂ ಸೈಕಲ್ ತುಳಿಯುತ್ತಾಳೆ ಎಂದರೆ ಒಂದೋ ಶುಗರ್ ಬಂದಿರಬೇಕು, ಇಲ್ಲ ತಲೆ ಕೆಟ್ಟಿರಬೇಕು ಎಂದು ಓಣಿಯವರ ಲೆಕ್ಕ. ಶುಗರ್ ಇಲ್ಲ ಎಂದು ನಾನೇ ಹೇಳಿದ ಮೇಲೆ ಎರಡನೆಯದು ಗಟ್ಟಿಯಾಯಿತು.

ನನ್ನ ಗಂಡನಿಗಂತೂ ಆ ಸೈಕಲ್ ಕಂಡರೆ ಆಗದು. ಸ್ಟ್ಯಾಂಡ್ ಇಲ್ಲದ್ದರಿಂದ ಅದು ಪಡಸಾಲೆಯ ಗೋಡೆಗೆ, ಸರಿಯಾಗಿ ಅವರು ಕೂತು ಪೇಪರ್ ಓದುವ ಜಾಗದಲ್ಲಿ ಒರಗಿರುತ್ತದೆ. ಹೋದ ಡಿಸೆಂಬರಿನಲ್ಲಿ ಒಂದು ಶನಿವಾರ, ನಾಳೆ ಸೈಕಲ್ ಮೇಲೆ ಮಸ್ಕಿಗೆ ಹೋಗಿ ಅಶೋಕನ ಶಾಸನ ನೋಡಿ, ಅಲ್ಲಿಂದ ನನ್ನ ತವರು ಪಾಮನಕಲ್ಲೂರಿಗೆ ಹೋಗಿ, ಸಂಜೆಗೆ ತಿರುಗಿ ಬರುತ್ತೇನೆ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಷರತ್ತು ಹಾಕಿದರು: ಹೋಗುವಾಗಲಾಗಲಿ ಬರುವಾಗಲಾಗಲಿ ಯಾವುದಾದರೂ ಗಾಡಿ ಹತ್ತಿದರೆ ಸೈಕಲ್ ಮಾರಿಬಿಡುವುದು. ಆಗಲಿ ಅಂದುಬಿಟ್ಟೆ. ನನ್ನ ಸಿಟ್ಟು ಯಾವಾಗಲೂ ನನಗಿಂತ ಮೊದಲು ಮಾತಾಡುತ್ತದೆ.

ಅವ್ವನಿಗೆ ಫೋನ್ ಮಾಡಲಿಲ್ಲ. ಸುಮ್ಮನೆ ಹೋಗಿ ಬಾಗಿಲಲ್ಲಿ ನಿಂತು ಅವಳನ್ನು ಬೆರಗುಗೊಳಿಸಬೇಕು ಎಂದುಕೊಂಡಿದ್ದೆ. ನಮ್ಮ ಕಡೆ ಹೆಣ್ಣುಮಗಳು ತವರಿಗೆ ಬರುವುದಕ್ಕೆ ಒಂದು ರೀತಿ ಇದೆ. ಮೊದಲು ಫೋನು, ಆಮೇಲೆ ಗಂಡ, ಜೊತೆಗೆ ಹಣ್ಣು, ಫಳಾರದ ಪೊಟ್ಟಣ. ಇದ್ಯಾವುದೂ ಇಲ್ಲದೆ, ಬೆನ್ನಿಗೊಂದು ಚೀಲ ಕಟ್ಟಿಕೊಂಡು ಒಬ್ಬಳೇ ಹೊರಟರೆ ಊರು ಏನು ತಿಳಿದೀತು ಎಂಬ ಸಣ್ಣ ವಿಷಯ ಈ ಸಮಾಜ ವಿಜ್ಞಾನದ ಮೇಡಂಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆ. ಗೊರೇಬಾಳದ ಹತ್ತಿರ ಅರ್ಧ ರಸ್ತೆ ಭತ್ತದ್ದಾಗಿತ್ತು. ಸುಗ್ಗಿಯಲ್ಲಿ ನಮ್ಮವರಿಗೆ ಡಾಂಬರು ರಸ್ತೆ ಎಂದರೆ ಸರ್ಕಾರ ಮಾಡಿಸಿಕೊಟ್ಟ ಕಣ. ಭತ್ತ ಹರವಿ ಅಂಚಿಗೆ ಕಲ್ಲಿಟ್ಟರೆ ಮುಗಿಯಿತು, ಲಾರಿಯವರೂ ಆ ಕಲ್ಲಿಗೆ ಮರ್ಯಾದೆ ಕೊಡುತ್ತಾರೆ. ಎದುರಿನಿಂದ ಬಂದ ಬಸ್ಸು ಕಲ್ಲಿಗೆ ಕೊಟ್ಟ ಮರ್ಯಾದೆಯನ್ನು ನನಗೆ ಕೊಡಲಿಲ್ಲ. ಪಕ್ಕಕ್ಕೆ ಹೊರಳಿಸಿದೆ. ಸೈಕಲ್ ಭತ್ತದಲ್ಲಿ ಹೂತು ನಿಂತಿತು, ನಾನು ನಿಲ್ಲಲಿಲ್ಲ. ಭತ್ತ ಕಾಯುತ್ತಿದ್ದ ಹೆಂಗಸು ಓಡಿ ಬಂದು ಮೊದಲು ಅದನ್ನು ಸಮ ಮಾಡಿದಳು, ಆಮೇಲೆ ನನ್ನನ್ನು ಎಬ್ಬಿಸಿ ಪೆಟ್ಟಾಯಿತೇ ಎಂದು ತೆಲುಗು ಬೆರೆತ ಕನ್ನಡದಲ್ಲಿ ವಿಚಾರಿಸಿದಳು. ಪೆಟ್ಟೇನೂ ಆಗಿರಲಿಲ್ಲ, ಭತ್ತದ ಧೂಳು ಹೋಗಿ ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು.

ಆ ಹೊತ್ತಿಗೇ ನಮ್ಮೂರಿನ ಕಾಕಾ ಒಬ್ಬರು ಬೈಕ್ ನಿಲ್ಲಿಸಿದರು. ಅಪ್ಪನ ದೂರದ ತಮ್ಮ, ಊರಿನ ಸುದ್ದಿಯನ್ನೆಲ್ಲ ಹೆಗಲ ಮೇಲೆ ಹೊತ್ತು ತಿರುಗುವ ಮನುಷ್ಯ. ಕೂದಲಲ್ಲಿ ಭತ್ತ, ಕಣ್ಣಲ್ಲಿ ನೀರು, ಬೆನ್ನಿಗೆ ಚೀಲ ಹೊತ್ತು ನಿಂತ ನನ್ನನ್ನು ನೋಡಿ ಅವರ ಮುಖ ಇಳಿಯಿತು.

"ಯಾಕವ್ವ, ಒಬ್ಬಾಕೀನ ಎಲ್ಲಿಗಿ ಹೊಂಟಿ?"

"ಅವ್ವನ ಮನಿಗಿ ಕಾಕಾ."

ಅಳಿಯಂದಿರು ಎಲ್ಲಿ ಎಂದರು. ಮನೆಯಲ್ಲಿ ಮಲಗಿದ್ದಾರೆ ಎಂದೆ. ಬಾ, ಬೈಕಿನಲ್ಲಿ ಬಿಡುತ್ತೇನೆ ಎಂದರು. ಇಲ್ಲ, ಯಾರ ಗಾಡಿಯನ್ನೂ ಹತ್ತುವುದಿಲ್ಲ ಎಂದು ಅವರೆದುರಿಗೇ ಹೇಳಿ ಬಂದಿದ್ದೇನೆ, ಕಾಲು ಬಿದ್ದುಹೋದರೂ ಹೀಗೇ ಹೋಗುತ್ತೇನೆ ಎಂದೆ. ಗಂಡನ ಮನೆ ಬಿಟ್ಟು ಬಂದವಳು ಇದಕ್ಕಿಂತ ಚೆನ್ನಾಗಿ ಇನ್ನೇನು ಹೇಳಿಯಾಳು? ಕಾಕಾ ನನ್ನ ತಲೆ ಸವರಿ, ಬೈಕ್ ಹತ್ತಿ, ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಹೋದರು.

ನಾನು ಬ್ಯಾಟರಿ ಉಳಿಯಲಿ ಎಂದು ನನ್ನ ಫೋನ್ ಬಂದ್ ಮಾಡಿಟ್ಟಿದ್ದೆ. ದಾರಿಯಲ್ಲಿ ಒಂದು ಟ್ರ್ಯಾಕ್ಟರ್, ಎರಡು ಆಟೋ, ಹಾಲಿನ ಗಾಡಿ ಎಲ್ಲವೂ ನಿಂತು ಹತ್ತಿಕೊಳ್ಳಲು ಕರೆದವು. ಬ್ಯಾಡ್ರಿ, ಬ್ಯಾಡ್ರಿ ಎನ್ನುತ್ತ ಮಸ್ಕಿ ಮುಟ್ಟಿದೆ. ಶಾಸನದ ಬಂಡೆಯ ಮುಂದೆ ಒಬ್ಬಳೇ ಕೂತೆ. ಶಾಲೆಯ ಮಕ್ಕಳನ್ನು ಕರೆತಂದಾಗಲೆಲ್ಲ ಅವರು ಗುಡ್ಡದಿಂದ ಉರುಳದಂತೆ ಕಾಯುವುದರಲ್ಲೇ ಹೊತ್ತು ಹೋಗಿ, ಅಶೋಕ ಎಂಬ ಹೆಸರೇ ಕೊರೆದಿರುವ ಆ ಕಲ್ಲನ್ನು ನಾನು ಸಮಾಧಾನವಾಗಿ ನೋಡಿಯೇ ಇರಲಿಲ್ಲ. ಎಲ್ಲಿಯದೋ ರಾಜ, ನಮ್ಮ ಮಸ್ಕಿಗೆ ಮಾತು ಕಳಿಸಿದ್ದಾನೆ, ಅದು ಇಷ್ಟು ಕಾಲ ಅಳಿಸದೆ ಕೂತಿದೆ. ನನಗೆ ಖುಷಿಯಾಯಿತು. ನನ್ನ ಸುದ್ದಿ ಅಷ್ಟರಲ್ಲಿ ಅವನ ಮಾತಿಗಿಂತ ಜೋರಾಗಿ ಓಡುತ್ತಿತ್ತು ಎಂದು ಗೊತ್ತಿರಲಿಲ್ಲ.

ಕೆಳಗಿಳಿದು ಪೇಟೆಗೆ ಬಂದರೆ ಅಲ್ಲೇ ಇರುವ ನನ್ನ ಚಿಗವ್ವ, ಅವ್ವನ ತಂಗಿ, ರಸ್ತೆಯ ಮೇಲೆ ಕಾಯುತ್ತಿದ್ದಳು. ಒಳಗೆ ಕರೆದೊಯ್ದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟಳು. ನಾನು ತಿನ್ನುವಷ್ಟು ಹೊತ್ತೂ ಬೆನ್ನು ಸವರಿದಳು. ನಾನು ಬರುವುದು ಹೇಗೆ ಗೊತ್ತಾಯಿತು ಎಂದರೆ, ಇರಲಿ ತಿನ್ನು ಎಂದಳು. ಗಂಡಸರೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ದಾರಿಯುದ್ದಕ್ಕೂ ಗಂಡಸರು ಸೈಕಲ್ ನೋಡಿ ಹಲ್ಲು ಕಿರಿದಿದ್ದರಿಂದ ನಾನೂ ಹೌದೌದು ಅಂದೆ. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಗ್ಗರಣೆಯ ಘಾಟು ಎಂದುಕೊಂಡೆ.

ಪಾಮನಕಲ್ಲೂರಿನ ದಾರಿಯಲ್ಲಿ ಕಾಲುವೆ ನೀರಿಲ್ಲ, ಎರಡೂ ಕಡೆ ತೊಗರಿ, ಜೋಳ, ಹತ್ತಿ. ಎದುರುಗಾಳಿ ಬೇರೆ. ಊರು ಮುಟ್ಟುವಾಗ ನನ್ನ ಮುಖ ಬದನೆಕಾಯಿಯಾಗಿತ್ತು. ನಮ್ಮ ಮನೆಯ ಅಂಗಳದಲ್ಲಿ ಜಮಖಾನ ಹಾಸಿತ್ತು. ಅದರ ಮೇಲೆ ಊರಿನ ಹಿರಿಯರು ವಿಭೂತಿ ಹಚ್ಚಿ, ರುಮಾಲು ಸುತ್ತಿ, ಬಸಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಕಾಕಾ ನಡುವೆ ಇದ್ದರು. ನಾನು ಒಂದು ಕಾಲು ನೆಲಕ್ಕೆ ಕೊಟ್ಟು ಇಳಿದೆ. ಯಾರೂ ನಗಲಿಲ್ಲ. ಆಗ ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು.

ಹಿರಿಯರಲ್ಲೊಬ್ಬರು ಗಂಟಲು ಸರಿಮಾಡಿಕೊಂಡು, ಏನಾಯಿತು ಎಂದು ಮೊದಲಿಂದ ಹೇಳು ಎಂದರು. ನಾನು ಬಾಯಿ ತೆರೆಯುವ ಮುಂಚೆ ಅವ್ವ ಬಾಗಿಲಿಂದ ಹೊರಗೆ ಬಂದಳು.

"ಆಕಿನ್ನ ಯಾರೂ ಏನೂ ಕೇಳಬ್ಯಾಡ್ರಿ," ಅಂದಳು. "ಇದು ಆಕಿ ಮನಿ. ಬಂದಾಳ, ಇರ್ತಾಳ."

ನನ್ನ ಅವ್ವ ಇದೇ ಬಾಯಲ್ಲಿ ಜನ್ಮವಿಡೀ ನನಗೆ ಹೊಂದಿಕೊಂಡು ಹೋಗು ಎಂದು ಹೇಳಿದವಳು. ಮದುವೆಯಾದ ಹೊಸದರಲ್ಲಿ ನಾನು ಅತ್ತುಕೊಂಡು ಫೋನ್ ಮಾಡಿದರೆ, ಸಾರು ಉಕ್ಕುತ್ತಿದೆಯೇನೋ ನೋಡು ಎಂದು ಫೋನಿಟ್ಟವಳು. ಅಂಥವಳು ಈಗ ಒಂದು ಮಾತೂ ಕೇಳದೆ ನನ್ನ ಮುಂದೆ ಗೋಡೆಯ ಹಾಗೆ ನಿಂತಿದ್ದಳು. ಒಳಗೆ ನನಗಾಗಿ ಮಂಚ ಹಾಕಿಸಿ, ಹೊಸ ಚಾದರ ಹಾಸಿಸಿದ್ದೂ ಕಂಡಿತು. ನನಗೆ ಅಳು ಬಂತು. ಈ ಸಲ ಧೂಳಿನದ್ದಲ್ಲ. ಒಂದು ಗಳಿಗೆ, ನಿಜವಾಗಿಯೂ ಜಗಳಾಡಿ ಬಂದಿದ್ದರೆ ಚೆನ್ನಾಗಿತ್ತು ಅನಿಸಿತು.

ಜಗಳವೇನೂ ಇಲ್ಲ, ಸುಮ್ಮನೆ ಸೈಕಲ್ ತುಳಿಯಲು ಬಂದೆ ಎಂದಾಗ ಜಮಖಾನದ ಮೇಲೆ ದೊಡ್ಡ ನಿರಾಸೆ ಹರಡಿತು. ಸುಮ್ಮನೆ ಅಂದರೆ ಯಾಕೆ ಎಂದು ಒಬ್ಬರು ಕೇಳಿದರು. ಅಷ್ಟರಲ್ಲಿ ಕಾಕಾ ಫೋನ್ ಮಾಡಿ ಕರೆಸಿದ್ದ ನನ್ನ ಗಂಡ ಕಾರಿನಲ್ಲಿ ಬಂದಿಳಿದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ತಾವು ಏನು ತಪ್ಪು ಮಾಡಿದ್ದೇವೆಂದು ದಾರಿಯುದ್ದಕ್ಕೂ ನೆನಪಿಸಿಕೊಂಡು ಬಂದಿದ್ದರಂತೆ, ಬೇಕಾದಷ್ಟು ಸಿಕ್ಕಿದ್ದವಂತೆ.

ಸಂಗತಿ ತಿಳಿದ ಮೇಲೆ ಅವರಿಗೆ ಧೈರ್ಯ ಬಂತು. ಹೊತ್ತಾಗಿದೆ, ಕಾರು ಹತ್ತು ಎಂದರು, ಷರತ್ತನ್ನೂ ಸಭೆಗೆ ವಿವರಿಸಿದರು. ಹೇಗೂ ಕೂತವರಿಗೆ ಒಂದು ನ್ಯಾಯ ಬೇಕಾಗಿತ್ತು. ಹೆಣ್ಣುಮಗಳನ್ನು ಇಳಿಹೊತ್ತಿನಲ್ಲಿ ಒಬ್ಬಳನ್ನೇ ಕಳಿಸುವುದು ಸರಿಯಲ್ಲ, ಕಾರಿನಲ್ಲೇ ಹೋಗಲಿ, ಸೈಕಲ್ ಮಾರಲಿ ಎಂದು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಸ್ಟ್ಯಾಂಡೂ ಇಲ್ಲದ ಸೈಕಲ್ ಇದ್ದು ಏನು ಉಪಯೋಗ ಎಂದರು ಕಾಕಾ. ನನ್ನ ಸೈಕಲ್ ನಮ್ಮ ಮನೆಯ ಕಂಬಕ್ಕೆ ಒರಗಿ ನಿಂತಿತ್ತು. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಹೋಗಿ ಅದರ ಹ್ಯಾಂಡಲ್ ಹಿಡಿದು ನಿಂತೆ.

ಅವ್ವ ಅಳಿಯನ ಕೈಗೆ ಚಹಾದ ಕಪ್ಪು ಕೊಟ್ಟಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಭಾಳ ಮರ್ಯಾದೆಯಿಂದ ಹೇಳಿದಳು:

"ಸೈಕಲ್ ಮಾರಬ್ಯಾಡ್ರಿ ಅಳಿಯಾರ. ಆಕಿ ಹಂತೇಕ ಇರ್ಲಿ. ನಾಳಿ ನೀವು ಖರೇನ ಜಗಳ ತಗದ್ರ, ನನ್ನ ಮಗಳು ಬಸ್ಸಿಗಿ ಕಾಯೋದು ಬ್ಯಾಡ."

ಹಿರಿಯರು ಬಸಿಯೊಳಗೆ ನೋಡತೊಡಗಿದರು. ನನ್ನ ಗಂಡ ಚಹಾವನ್ನು ಆರಿಸದೆಯೇ ಕುಡಿದು ನಾಲಿಗೆ ಸುಟ್ಟುಕೊಂಡರು. ನಾನು ಚೀಲ ಬೆನ್ನಿಗೆ ಕಟ್ಟಿಕೊಂಡೆ, ಅವ್ವ ಸೈಕಲ್ಲಿನ ಸೀಟು ಹಿಡಿದುಕೊಂಡಳು, ಹತ್ತಿದೆ. ಪಾಮನಕಲ್ಲೂರಿನಿಂದ ಸಿಂಧನೂರಿನವರೆಗೂ ಕಾರು ನನ್ನ ಹಿಂದೆ ಎತ್ತಿನ ಬಂಡಿಯ ಹಾಗೆ ನಿಧಾನವಾಗಿ ಬಂತು. ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ.